ಅಮೆರಿಕದ ಕಪ್ಪು ಜನರ ದಾನ ಪರಂಪರೆಗೆ ಪ್ರತ್ಯೇಕ ಮಾಸಾಚರಣೆ ಏಕೆ?

ಅಮೆರಿಕದಲ್ಲಿ 2011ರಿಂದ ಆಗಸ್ಟ್ ತಿಂಗಳನ್ನು ಕಪ್ಪು ಜನರ ದಾನ ಪರಂಪರೆಯ ಮಾಸವಾಗಿ ಆಚರಿಸುತ್ತಾರೆ. ಈ ಸಮುದಾಯವನ್ನು ನೆರವು ಪಡೆಯುವವರೆಂದೇ ಬಹುಕಾಲ ನೋಡಲಾಗಿದ್ದು, ಅದು ಕೊಟ್ಟದ್ದರ ಲೆಕ್ಕ ಮರೆಯಲ್ಲೇ ಉಳಿದಿರುವುದು ಇದಕ್ಕೆ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ 1787ರಲ್ಲಿಯೇ ಫಿಲಡೆಲ್ಫಿಯಾದಲ್ಲಿ ಕಪ್ಪು ಸಮುದಾಯದ ಧರ್ಮಬೋಧಕರಾದ ರಿಚರ್ಡ್ ಆಲನ್ ಮತ್ತು ಆಬ್ಸಲೋಮ್ ಜೋನ್ಸ್ 'ಫ್ರೀ ಆಫ್ರಿಕನ್ ಸೊಸೈಟಿ' ಎಂಬ ಪರಸ್ಪರ ನೆರವಿನ ಸಂಘವನ್ನು ಕಟ್ಟಿದರು. ಸದಸ್ಯರು ತಿಂಗಳಿಗೆ ಒಂದು ಶಿಲಿಂಗ್ ಕಟ್ಟುತ್ತಿದ್ದರು. ಕಷ್ಟಕ್ಕೆ ಸಿಲುಕಿದವರಿಗೆ, ವಿಧವೆಯರಿಗೆ, ತಂದೆಯಿಲ್ಲದ ಮಕ್ಕಳಿಗೆ ಆ ಹಣದಿಂದ ನೆರವು ಸಿಗುತ್ತಿತ್ತು.

ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಮಿಸಿಸಿಪ್ಪಿಯ ಹ್ಯಾಟಿಸ್‌ಬರ್ಗ್‌ನ ಒಸಿಯೋಲಾ ಮೆಕಾರ್ಟಿ. ಚಿಕ್ಕಮ್ಮನ ಆರೈಕೆಗಾಗಿ ಆರನೆಯ ತರಗತಿಗೇ ಶಾಲೆ ಬಿಟ್ಟು, ಜೀವಮಾನವಿಡೀ ಪರರ ಬಟ್ಟೆ ಒಗೆದು ಇಸ್ತ್ರಿ ಮಾಡಿದ ಆಕೆ, ತಮ್ಮ ಉಳಿತಾಯವನ್ನು ಹೇಗೆ ಹಂಚಬೇಕೆಂದು ಬ್ಯಾಂಕಿನ ಅಧಿಕಾರಿ ಮೇಜಿನ ಮೇಲೆ ಹತ್ತು ನಾಣ್ಯಗಳನ್ನಿಟ್ಟು ಕೇಳಿದಾಗ, ಒಂದನ್ನು ಚರ್ಚಿಗೆ, ಮೂರನ್ನು ಬಂಧುಗಳಿಗೆ, ಉಳಿದ ಆರನ್ನು ವಿಶ್ವವಿದ್ಯಾಲಯಕ್ಕೆ ಎತ್ತಿಟ್ಟರು. 1995ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಸದರ್ನ್ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ ಅವರು ಮೀಸಲಿಟ್ಟ ಆ ಪಾಲು 1,50,000 ಡಾಲರ್.

ಈ ಪರಂಪರೆಯನ್ನು ಬೆಂಬಲಿಸುವುದು ಹೇಗೆ? ಹತ್ತಾರು ಮಂದಿ ಹಣ ಕೂಡಿಸಿ, ಯಾರಿಗೆ ಕೊಡಬೇಕೆಂದು ಒಟ್ಟಿಗೆ ಕುಳಿತು ನಿರ್ಧರಿಸುವ ದಾನವೃಂದಗಳು ಅಲ್ಲಿ ಹಲವಿವೆ. ಅಂಥವುಗಳಿಗೆ, ಅಥವಾ ಕಪ್ಪು ಸಮುದಾಯದವರೇ ನಡೆಸುವ ಸ್ಥಳೀಯ ಸಂಸ್ಥೆಗಳಿಗೆ, ಇಂಥದ್ದಕ್ಕೇ ಬಳಸಬೇಕೆಂಬ ಷರತ್ತು ಹಾಕದೆ ಹಲವು ವರ್ಷ ಸತತವಾಗಿ ಕೊಡುವುದು ಹೆಚ್ಚು ಉಪಯುಕ್ತ. ಬಾಡಿಗೆ, ಸಂಬಳದಂಥ ನಿತ್ಯದ ಖರ್ಚು ನಿಭಾಯಿಸಲು ಅವರಿಗೆ ಬೇಕಾಗಿರುವುದು ಅಂಥ ಹಣವೇ.