'ಬ್ರೇನ್' ಇರುವ ಇಂಗ್ಲಿಷ್ ನುಡಿಗಟ್ಟುಗಳನ್ನು ಪದಕ್ಕೆ ಪದ ಕನ್ನಡಿಸಬಹುದೇ?

ಬಹಳ ಸಲ ಆಗುವುದಿಲ್ಲ. ಇಂಗ್ಲಿಷಿನವರು 'ಬ್ರೇನ್' ಅನ್ನುವ ಕಡೆ ನಾವು 'ತಲೆ' ಅಂತೀವಿ. 'ನೋ-ಬ್ರೇನರ್' ಅಂದರೆ ತಲೆಯಿಲ್ಲದವನಲ್ಲ; ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲದ ಸುಲಭದ ನಿರ್ಧಾರ.

ಎಡವಟ್ಟಾಗುವುದು 'ಪಿಕ್ ಯುವರ್ ಬ್ರೇನ್' ಹತ್ತಿರ. ವಿಜಯಪುರದಲ್ಲಿ ನಾನು ಪಾಠ ಹೇಳುವ ಕಡೆ ಒಬ್ಬ ಹುಡುಗ ಎದ್ದು ನಿಂತು, 'ಸರ್, ನಿಮ್ಮ ತಲಿ ತಿನ್ಲೇನ್ರಿ?' ಅಂತ ಕನ್ನಡಿಸಿದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಮ್ಮಲ್ಲಿ ತಲೆ ತಿನ್ನುವುದು ಅಂದರೆ ಕಾಟ ಕೊಡುವುದು; ಅವರಲ್ಲಿ ತಿಳಿದವರನ್ನು ಕೇಳಿ ವಿಷಯ ಪಡೆಯುವುದು. 'ಸರ್, ನಿಮಗೊಂದಿಷ್ಟು ಕೇಳೂದಿತ್ರಿ' ಅಂದಿದ್ದರೆ ಮುಗೀತಿತ್ತು. (ಅವನು ನನ್ನ ತಲಿ ತಿಂದದ್ದೂ ಸುಳ್ಳಲ್ಲ ಬಿಡಿ.)

'ಬ್ರೇನ್‌ವಾಷ್' ಮಾತ್ರ ಸ್ವತಃ ಅನುವಾದವೇ. ಮಿದುಳು ತೊಳೆಯುವುದು ಎಂಬ ಅರ್ಥದ ಚೀನೀ ಮಾತನ್ನು ಅಮೆರಿಕದ ಪತ್ರಕರ್ತ ಎಡ್ವರ್ಡ್ ಹಂಟರ್ 1950ರಲ್ಲಿ ಇಂಗ್ಲಿಷಿಗೆ ತಂದ. ನಾವು 'ತಲೆ ತುಂಬುವುದು' ಅಂತೀವಿ. ಅವರು ತೊಳೀತಾರೆ, ನಾವು ತುಂಬ್ತೀವಿ!

'ಬ್ರೇನ್‌ಸ್ಟಾರ್ಮಿಂಗ್' ಅಂದರೆ ನಾಲ್ಕು ಜನ ಕೂತು, ಸರಿ-ತಪ್ಪು ನೋಡದೆ ತೋಚಿದ್ದೆಲ್ಲ ಹೇಳುವುದು. ಇದನ್ನು ಜನಪ್ರಿಯಗೊಳಿಸಿದವನು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್. ಹಿಂದೆ 'ಬ್ರೇನ್‌ಸ್ಟಾರ್ಮ್' ಅಂದರೆ ಒಮ್ಮೆಲೇ ತಲೆ ಕೆಡುವುದು ಎಂಬ ಅರ್ಥವಿತ್ತು.

ರೀಲ್ಸ್ ನೋಡುವವರ ಬಾಯಲ್ಲಿರುವ 'ಬ್ರೇನ್ ರಾಟ್' (ಕೆಲಸಕ್ಕೆ ಬಾರದ್ದನ್ನೇ ನೋಡಿ ನೋಡಿ ತಲೆ ಕೊಳೆಯುವುದು) ಆಕ್ಸ್‌ಫರ್ಡ್ ನಿಘಂಟಿನವರ 2024ರ ವರ್ಷದ ಪದ. ಹೊಸದು ಅನಿಸಿದರೂ ಅಮೆರಿಕದ ಲೇಖಕ ಥೋರೋ ಅದನ್ನು 1854ರಲ್ಲೇ ಬಳಸಿದ್ದ.