ಗೋಳಗುಮ್ಮಟಕ್ಕೆ ಎರಡು ಪುಟ ಯಾಕೆ?

ಪ್ರಶ್ನೆ: ಗೆಳತಿಯರೆಲ್ಲ ಸೇರಿ ನಮ್ಮ ಜಿಲ್ಲೆಯ ಹಳೇ ಬಾವಿ, ಗುಮ್ಮಟಗಳ ಬಗ್ಗೆ ಒಂದು ವಿಕಿ (ಎಲ್ಲರೂ ಸೇರಿ ಬರೆದು ತಿದ್ದುವ ವೆಬ್‌ಸೈಟ್) ಶುರು ಮಾಡಿದ್ದೇವೆ. ಒಬ್ಬಳು 'ಗೋಳಗುಮ್ಮಟ' ಅಂತ ಪುಟ ಮಾಡಿದ್ದಾಳೆ, ಇನ್ನೊಬ್ಬಳು 'ಗೋಲ್ ಗುಂಬಜ್' ಅಂತ. ವಿಜಯಪುರ, ಬಿಜಾಪುರ ಅಂತಲೂ ಎರಡು ಪುಟ ಇವೆ. ಯಾವುದನ್ನು ಇಟ್ಟುಕೊಳ್ಳೋಣ? ಎಷ್ಟೋ ಕೊಂಡಿಗಳು (ಲಿಂಕ್) ಕೆಂಪಾಗಿಯೇ ಕಾಣುತ್ತವೆ, ಯಾಕೆ?
– ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಒಂದು ವಿಷಯಕ್ಕೆ ಒಂದೇ ಪುಟ, ಇದನ್ನು ಮಾತ್ರ ಬಿಡಬೇಡಿ. ಎರಡಿದ್ದರೆ ಗುಮ್ಮಟದ ಅಳತೆ ಒಂದರಲ್ಲಿ, ಅಲ್ಲಿ ಸಮಾಧಿಯಾದ ಸುಲ್ತಾನ ಮಹಮ್ಮದ್ ಆದಿಲ್ ಶಾಹನ ವಿಷಯ ಇನ್ನೊಂದರಲ್ಲಿ ಉಳಿದು, ಓದುವವರಿಗೆ ಎರಡೂ ಅರ್ಧಂಬರ್ಧ. ಜನ ಹುಡುಕುವಾಗ ಜಾಸ್ತಿ ಯಾವ ಹೆಸರು ಟೈಪ್ ಮಾಡುತ್ತಾರೋ ಅದನ್ನೇ ಇಡಿ. ನನ್ನ ಮತ ಗೋಳಗುಮ್ಮಟಕ್ಕೆ. ಬರೆದದ್ದನ್ನೆಲ್ಲ ಅಲ್ಲಿಗೆ ತಂದು ಸೇರಿಸಿ. ಇನ್ನೊಂದನ್ನು ಅಳಿಸಬೇಡಿ, ರೀಡೈರೆಕ್ಟ್ ಮಾಡಿ. ಆಗ 'ಗೋಲ್ ಗುಂಬಜ್' ಅಂತ ಹುಡುಕಿದವರೂ ಸೀದಾ ಗೋಳಗುಮ್ಮಟದ ಪುಟಕ್ಕೇ ಬರುತ್ತಾರೆ.

ಬಿಜಾಪುರಕ್ಕೂ ಹಾಗೇ ಮಾಡಿ. 2014ರ ನವೆಂಬರ್ 1ರಿಂದ ಊರಿನ ಅಧಿಕೃತ ಹೆಸರು ವಿಜಯಪುರ, ಪುಟಕ್ಕೆ ಅದೇ ಇರಲಿ. ಸುಲ್ತಾನರ ಕಾಲದ ಬಗ್ಗೆ ಬರೆಯುವಾಗ ಬಿಜಾಪುರ ಅಂದರೆ ತಪ್ಪೇನಿಲ್ಲ. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ, ಅದರ ಪುಟ ಬಂದರೆ ಹೆಸರಿನ ಕೊನೆಗೆ ಆವರಣದಲ್ಲಿ ದೇವನಹಳ್ಳಿ ಅಂತ ಸೇರಿಸಿದರಾಯಿತು.

ಇನ್ನು ಕೆಂಪು ಕೊಂಡಿ. ಇಂಗ್ಲಿಷಿನಲ್ಲಿ ಕೊಂಡಿಯ ಕೊನೆಗೆ ಒಂದು 'ಎಸ್' ಅಂಟಿಸಿದರೆ ನಡೆಯುತ್ತದೆ, ನಮ್ಮಲ್ಲಿ ವಿಭಕ್ತಿ ಹೆಸರಿನ ಜೊತೆಗೇ ಬೆರೆತುಬಿಡುತ್ತದಲ್ವಾ? ಕೊಂಡಿ ಕೊಡಲು [[ವಿಜಯಪುರದಲ್ಲಿ]] ಅಂತ ಬರೆದರೆ ವಿಕಿ ಅದೇ ಹೆಸರಿನ ಪುಟ ಹುಡುಕುತ್ತದೆ, ಸಿಗದಿದ್ದರೆ ಕೆಂಪು. ಹೀಗೆ ಬರೆಯಿರಿ: [[ವಿಜಯಪುರ|ವಿಜಯಪುರದಲ್ಲಿ]]. ಗೆರೆಯ ಎಡಕ್ಕೆ ಪುಟದ ಹೆಸರು, ಬಲಕ್ಕೆ ವಾಕ್ಯದಲ್ಲಿ ಕಾಣಬೇಕಾದ ರೂಪ. ಬೇಜಾರಿನ ಕೆಲಸ ನಿಜ, ಆದರೆ ಕನ್ನಡದಲ್ಲಿ ಇದನ್ನು ಬಿಟ್ಟು ಕೊಂಡಿ ಕೊಡುವುದು ಕಷ್ಟ.

ಇನ್ನೊಂದು ಕಾರಣವೂ ಇದೆ, ಇದು ಕಣ್ಣಿಗೇ ಕಾಣುವುದಿಲ್ಲ. ಕೆಲವು ಕೀಬೋರ್ಡುಗಳಲ್ಲಿ 'ಗೋಲ್' ಅಂತ ಬರೆದಾಗ 'ಲ್' ಆದಮೇಲೆ ಕಾಣದ ಒಂದು ಅಕ್ಷರ ಸೇರಿಕೊಳ್ಳುತ್ತದೆ, ನಮಗೆ ಎರಡೂ ಒಂದೇ ಥರ ಕಂಡರೂ ವಿಕಿಗೆ ಅವು ಬೇರೆ ಬೇರೆ ಹೆಸರು. ಹಾಗಾಗಿ ಟೈಪ್ ಮಾಡಬೇಡಿ, ಪುಟದ ತಲೆಬರಹದಿಂದಲೇ ಕಾಪಿ ಮಾಡಿ ಹಾಕಿ.

ಕೆಂಪೆಲ್ಲ ತಪ್ಪು ಅಂತಲೂ ಅಲ್ಲ. ನಿಮ್ಮೂರಿನ ಇನ್ನೊಂದು ಸಮಾಧಿ ಇಬ್ರಾಹಿಂ ರೋಜಾದ ಪುಟ ಇನ್ನೂ ಬರೆದಿಲ್ಲವಾದರೆ ಅದು ಕೆಂಪಾಗಿಯೇ ಇರಲಿ, ನೋಡಿದವರು ಯಾರಾದರೂ ಬರೆಯುತ್ತಾರೆ.

ಪ್ರಶ್ನೆ: ನಮ್ಮೂರಿನ ಸಿಹಿ ಕುಂದಾ ಬಗ್ಗೆ ವಿಕಿಯಲ್ಲಿ ಪುಟ ಮಾಡಿದ್ದೇನೆ. ಹಾಲು, ಸಕ್ಕರೆ, ಬೆಳಗಾವಿ ಎಲ್ಲದಕ್ಕೂ ಕೊಂಡಿ ಕೊಡಲೇ?
– ಓದುಗ, ಬೆಳಗಾವಿ

ಉತ್ತರ: ಹಾಲು, ಸಕ್ಕರೆಗೆ ಸುಮ್ನೆ ಯಾಕೆ? ಬೆಳಗಾವಿಗೆ ಕೊಡಿ, ಅದೂ ಮೊದಲ ಸಲ ಆ ಹೆಸರು ಬಂದಾಗ ಮಾತ್ರ. ಅದಕ್ಕಿಂತ ಮುಖ್ಯವಾಗಿ ಬೆಳಗಾವಿ ಪುಟ ತೆರೆದು ಅಲ್ಲಿಂದ ಕುಂದಾಕ್ಕೆ ಒಂದು ಕೊಂಡಿ ಹಾಕಿ ಬನ್ನಿ. ಇಲ್ಲದಿದ್ದರೆ ನಿಮ್ಮ ಪುಟ ಇದೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ.