ಅಪ್ಪನಿಗೆ ಹೇಗೆ ಹೇಳಲಿ ಅಂತ ಕೇಳಿದ್ದೀರಿ, ಮೊದಲು ಆ ತಾಯಿಯ ಮನೆಗೆ ಹೋಗಿ ಬನ್ನಿ

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವನ್ನು ತೆರೆಯಲು ಮನಸ್ಸಾಗಲಿಲ್ಲ. ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಬರೆದವರು ಹಳೇ ಮೈಸೂರು ಭಾಗದ ತಾಲ್ಲೂಕು ಕೇಂದ್ರವೊಂದರ ವಕೀಲರು, ಮೂವತ್ನಾಲ್ಕು ವರ್ಷ. ತಂದೆ ಜಿಲ್ಲಾ ಪಂಚಾಯಿತಿ ಸದಸ್ಯರಾಗಿದ್ದವರು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಆದರೂ ಬೆಳಿಗ್ಗೆ ಏಳಕ್ಕೆಲ್ಲ ಮನೆಯ ಜಗಲಿ ತುಂಬಿರುತ್ತದೆ. ಪಹಣಿ ತಿದ್ದುಪಡಿ, ವಿಧವಾ ವೇತನ, ಠಾಣೆಯ ಪಂಚಾಯ್ತಿ ಎಲ್ಲಕ್ಕೂ ಜನ ಅವರ ಹತ್ತಿರವೇ ಬರುತ್ತಾರೆ. ಕೋರ್ಟಿಗೆ ಹೋಗಬೇಕಾದ ವಿಷಯವಾದರೆ ಅಪ್ಪ ಮಗನ ಕಡೆ ಕೈ ತೋರಿಸುತ್ತಾರೆ. ಮಗನ ಅರ್ಧಕ್ಕರ್ಧ ಕೇಸುಗಳು ಜಗಲಿಯಿಂದಲೇ ಬಂದವು. ಈಗ ಅಪ್ಪ, ಮುಂದಿನ ಚುನಾವಣೆಗೆ ನೀನೇ ನಿಲ್ಲು ಅನ್ನುತ್ತಿದ್ದಾರೆ. ಮಗನಿಗೆ ಬೆಂಗಳೂರಿಗೆ ಹೋಗಿ ಹೈಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವಾಸೆ. "ಅಪ್ಪಾಜಿಯ ಮನಸ್ಸು ನೋಯದ ಹಾಗೆ ಇದನ್ನು ಹೇಗೆ ಹೇಳಲಿ?" ಎನ್ನುವುದು ಪ್ರಶ್ನೆ.

ನಾಲ್ಕು ಪುಟದ ಕಾಗದ. ಮೂರನೇ ಪುಟದ ಕೆಳಗೆ, ತಾನೆಷ್ಟು ಇಕ್ಕಟ್ಟಿನಲ್ಲಿದ್ದೇನೆ ಅನ್ನುವುದಕ್ಕೆ ಉದಾಹರಣೆಯಾಗಿ, ಇವರು ಒಂದು ಕೇಸಿನ ವಿಷಯ ಬರೆದಿದ್ದಾರೆ. ತವರಿನ ನಾಲ್ಕೆಕರೆ ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳಿ ಹಿರಿಯ ಹೆಣ್ಣುಮಗಳೊಬ್ಬರು ಹಾಕಿರುವ ದಾವೆ. ಅವರ ವಕೀಲರು ಇವರೇ. ಎದುರು ಪಾರ್ಟಿ ಆಕೆಯ ಅಣ್ಣನ ಮಗ. ಆತ ಗ್ರಾಮ ಪಂಚಾಯಿತಿ ಸದಸ್ಯ, ಅಪ್ಪನ ಬಲಗೈ. "ಅಪ್ಪಾಜಿ ಇದನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿ ಮುಗಿಸು ಅಂತಿದ್ದಾರೆ. ಅರಿಶಿನ ಕುಂಕುಮಕ್ಕೆ ಅಂತ ಎರಡು ಲಕ್ಷ ಕೊಡ್ತಾರೆ. ಆಯಮ್ಮನನ್ನು ನಾನಿನ್ನೂ ನೋಡಿಲ್ಲ, ವಕಾಲತ್ತಿಗೆ ಅಪ್ಪಾಜಿಯ ಡ್ರೈವರೇ ಹೆಬ್ಬೆಟ್ಟು ಹಾಕಿಸಿಕೊಂಡು ಬಂದಿದ್ದ. ಅದಾಲತ್ ದಿನ ಅಣ್ಣನ ಮಗನೇ ಕಾರಲ್ಲಿ ಕರ್ಕೊಂಡು ಬರ್ತಾನಂತೆ." ಇಷ್ಟು ಬರೆದು, ಮುಂದಿನ ಸಾಲಿಗೇ ಬೆಂಗಳೂರಿನ ಮನೆ ಬಾಡಿಗೆಯ ಮಾತು ಎತ್ತಿದ್ದಾರೆ.

ವಕೀಲರೇ, ನಿಮ್ಮ ಕಾಗದದಲ್ಲಿ ನನಗೆ ಕಂಡದ್ದು ಇದೊಂದೇ. ಆಕೆ ನಿಮ್ಮ ಕಕ್ಷಿದಾರಳು. ನೀವು ಆಕೆಯ ಮುಖ ಕಂಡಿಲ್ಲ. ಎದುರು ಪಾರ್ಟಿಯ ಕಾರಿನಲ್ಲಿ ಬಂದಿಳಿದು, ಎದುರು ಪಾರ್ಟಿ ಬರೆಸಿದ ಕಾಗದಕ್ಕೆ ಆಕೆ ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ನಿಂತು ನೀವೂ ಸಹಿ ಹಾಕುತ್ತೀರಿ. ಲೋಕ ಅದಾಲತ್ತಿನ ತೀರ್ಪಿಗೆ ಮೇಲ್ಮನವಿ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆಮೇಲೆ ಯಾರೋ ತಿಳಿದವರು ಹೇಳಿ ಆಕೆಗೆ ಮೋಸ ಹೋದದ್ದು ಅರಿವಾದರೂ, ರಿಟ್ ಹಾಕಲು ಹೈಕೋರ್ಟಿಗೇ ಹೋಗಬೇಕು. ಅರವತ್ತು ದಾಟಿದ, ಓದು ಬರಹ ಬಾರದ ಹೆಂಗಸು ಹೈಕೋರ್ಟಿನ ಮೆಟ್ಟಿಲು ಹತ್ತುವುದುಂಟೇ? ಅಣ್ಣನ ಮಗನಿಗೆ ಅದು ಗೊತ್ತು.

ಎರಡು ಲಕ್ಷಕ್ಕೆ ಸಮರ್ಥನೆಯನ್ನೂ ಬರೆದಿದ್ದೀರಿ: ಆಕೆಯ ಮದುವೆ 1984ರಲ್ಲೇ ಆಗಿದೆ, ಅಂಥವರಿಗೆ ಪಾಲಿಲ್ಲ ಅಂತ ಊರಲ್ಲೆಲ್ಲ ಹೇಳ್ತಾರೆ ಅಂತ. ಊರವರು ಹೇಳಲಿ, ನೀವು ಹೇಗೆ ಬರೆದಿರಿ? ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಊರಿನ ಮಾತು ಅಲ್ಲಿಗೇ ನಿಂತಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ, 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಷರತ್ತಿಲ್ಲ. ಪಾಲು ಕೇಳುವ ಹೆಣ್ಣುಮಗಳ ಅಪ್ಪ ಆ ದಿನಕ್ಕೆ ಬದುಕಿರಬೇಕಿತ್ತು ಅನ್ನುವ ವಾದವನ್ನೂ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿತು. ಬಾಯಿಮಾತಿನಲ್ಲೇ ಯಾವಾಗಲೋ ಪಾಲಾಗಿದೆ ಅಂದರೂ ಸುಲಭವಾಗಿ ನಡೆಯುವುದಿಲ್ಲ, 2004ರ ಡಿಸೆಂಬರ್ 20ಕ್ಕೆ ಮುಂಚಿನ ನೋಂದಾಯಿತ ಪತ್ರವೋ ಡಿಕ್ರಿಯೋ ಇರಬೇಕು. ಅಂಥದ್ದೇನೂ ಇದೆ ಅಂತ ನೀವು ಬರೆದಿಲ್ಲ. ಹೆಣ್ಣುಮಕ್ಕಳ ಪಾಲಿನ ವಿಷಯ ಬಂದಾಗಲೆಲ್ಲ ಈ ಅಂಕಣದಲ್ಲಿ ಹೇಳಿದ್ದೇನೆ, ಇವತ್ತೂ ಹೇಳುತ್ತೇನೆ: ಅರಿಶಿನ ಕುಂಕುಮ ಪ್ರೀತಿಯಿಂದ ಕೊಡುವುದು, ಪಾಲು ಹಕ್ಕಿನಿಂದ ಬರುವುದು. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವುದು ತವರಿಗೆ ಶೋಭೆಯಲ್ಲ.

ನಿಮ್ಮ ತಂದೆಯ ಮೇಲೆ ನನಗೆ ಅಷ್ಟೊಂದು ಸಿಟ್ಟಿಲ್ಲ. ನೀವೇ ಬರೆದ ಹಾಗೆ, ಆ ತಾಯಿ ಮೊದಲು ಹೋದದ್ದು ನಿಮ್ಮ ಜಗಲಿಗೆ. "ನಮ್ಮಪ್ಪನ ಜಮೀನಿನಲ್ಲಿ ಒಂದು ತುಂಡು ಕೊಡಿಸಿ ಸ್ವಾಮಿ" ಅಂದಳು, ಅವರು ಆಗಲಿ ತಾಯಿ ಅಂದರು. ಎದುರಿಗೆ ಸ್ವಂತ ಕಾರ್ಯಕರ್ತ ಇದ್ದಾನೆ ಅಂತ ತಿಳಿದಿದ್ದೂ ಅಂದರು. ಎಷ್ಟು ಜನ ರಾಜಕಾರಣಿಗಳು ಹಾಗಂದಾರು? ಆಮೇಲೆ ಆ ಕಾರ್ಯಕರ್ತ ಬಂದು ಕೂತ, ಅವನಿಗೂ ಆಗಲಿ ಅಂದರು. ಹತ್ತಾರು ಊರಿನ ವೋಟು ಹಿಡಿದುಕೊಂಡಿರಬೇಕಾದವರು ಇಬ್ಬರಿಗೂ ಆಗಲಿ ಅನ್ನುತ್ತಾರೆ, ಆಮೇಲೆ ಏನಾದರೂ ದಾರಿ ಹುಡುಕುತ್ತಾರೆ. ವಕೀಲನಿಗೆ ಆ ಅನುಕೂಲ ಇಲ್ಲ. ಒಂದು ಕೇಸಿನಲ್ಲಿ ಅವನು ಆಗಲಿ ಅನ್ನಬಹುದಾದದ್ದು ಒಬ್ಬರಿಗೆ ಮಾತ್ರ. ನಿಮ್ಮ ಮನೆಯಲ್ಲಿ ಎರಡು ಕಸುಬು ಒಂದೇ ಜಗಲಿಯಲ್ಲಿ ನಡೆಯುತ್ತಿವೆ. ಬೇರೆ ಮಾಡಬೇಕಾದವರು ನೀವು, ಅಪ್ಪನಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ನಿಮ್ಮ ಸೀನಿಯರ್ ಮೇಲೆ. ಈ ಕೇಸಿನ ವಿಷಯ ಅವರ ಹತ್ತಿರ ಹೋಗಿ ಹೇಳಿದಿರಂತೆ. "ನಿಮ್ಮಪ್ಪ ತಂದ ಪಾರ್ಟಿ, ನಿಮ್ಮಪ್ಪ ನೋಡ್ಕೋತಾರೆ, ನೀನು ಸಹಿ ಹಾಕು" ಅಂದರಂತೆ. ಮೂವತ್ತು ವರ್ಷ ಕರೀ ಕೋಟು ಹಾಕಿದವರು ಆಡುವ ಮಾತೇ ಇದು? ವಕೀಲ ತನ್ನ ಕಕ್ಷಿದಾರ ಅಥವಾ ಕಕ್ಷಿದಾರನ ಅಧಿಕೃತ ಪ್ರತಿನಿಧಿಯ ಸೂಚನೆ ಬಿಟ್ಟು ಬೇರೆ ಯಾರ ಮಾತಿನಂತೆಯೂ ನಡೆಯಬಾರದು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲೇ ಇದೆ. ಅದರಲ್ಲಿ ಅಪ್ಪನಿಗೆ ವಿನಾಯಿತಿ ಇಲ್ಲ. ಡ್ರೈವರ್ ಹೇಳಿದ ಕೆಲಸ ಮಾಡಿದ, ಅಪ್ಪ ರಾಜಕಾರಣ ಮಾಡಿದರು. ಕಸುಬು ಕಲಿಸಬೇಕಾದ ಈ ಮನುಷ್ಯ ನಿಮ್ಮ ಕೈ ಬಿಟ್ಟರು. ಇನ್ನು ಮೇಲೆ ಸಲಹೆಗೆ ಅವರ ಹತ್ತಿರ ಹೋಗಬೇಡಿ.

ವಕೀಲರಾದ ಅಪ್ಪ ಶಾಂತಿಭೂಷಣ್ ಮತ್ತು ಮಗ ಪ್ರಶಾಂತ್ ಭೂಷಣ್ ಅವರ ಹಾಗೆ ನಾವಿಬ್ಬರೂ ಇರಬೇಕು ಅಂತ ಆಸೆಯಿತ್ತು ಅಂತಲೂ ಬರೆದಿದ್ದೀರಿ. ಒಳ್ಳೆಯ ಆಸೆ. 1975ರಲ್ಲಿ ಇಂದಿರಾ ಗಾಂಧಿಯವರ ಚುನಾವಣೆ ರದ್ದಾದ ಅಲಹಾಬಾದ್ ಕೇಸಿನಲ್ಲಿ ರಾಜ್ ನಾರಾಯಣ್ ಪರ ವಾದಿಸಿದವರು ಶಾಂತಿಭೂಷಣ್, 1977ರಲ್ಲಿ ಕೇಂದ್ರದ ಕಾನೂನು ಸಚಿವರಾದರು. ನ್ಯಾಯಮೂರ್ತಿಗಳ ಬಗ್ಗೆ ಆಡಿದ ಮಾತಿಗೆ ಮಗನ ಮೇಲೆ ನ್ಯಾಯಾಂಗ ನಿಂದನೆಯ ಪ್ರಕರಣ ನಡೆಯುತ್ತಿದ್ದಾಗ, 2010ರಲ್ಲಿ, ನನ್ನನ್ನೂ ಇದರಲ್ಲಿ ಪಕ್ಷಗಾರನಾಗಿ ಸೇರಿಸಿ ಅಂತ ಸುಪ್ರೀಂ ಕೋರ್ಟಿಗೆ ತಾವೇ ಅರ್ಜಿ ಹಾಕಿದರು. ಅಪ್ಪ ಹೋಗಿ ಮಗನ ಪಕ್ಕ ನಿಂತದ್ದು ಮಗನ ಸ್ವಂತ ಮಾತಿಗೆ. ನಿಮ್ಮ ಅಪ್ಪಾಜಿ ನಿಮ್ಮ ಪಕ್ಕ ನಿಲ್ಲುತ್ತಾರೋ ಇಲ್ಲವೋ ತಿಳಿಯುವುದಕ್ಕೆ, ನೀವು ಇದುವರೆಗೆ ಸ್ವಂತದ್ದು ಅಂತ ಒಂದು ಮಾತೂ ಆಡಿಲ್ಲ.

ಬೆಂಗಳೂರು, ಚುನಾವಣೆ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮಾಡಬೇಕಾದದ್ದು ಒಂದೇ ಕೆಲಸ. ಅದಾಲತ್ತಿಗೆ ಮೂರು ವಾರ ಇದೆ ಅಂದಿದ್ದೀರಿ. ಈ ಭಾನುವಾರ ಒಬ್ಬರೇ ಆ ತಾಯಿಯ ಮನೆಗೆ ಹೋಗಿ. ಅಪ್ಪನ ಕಾರು ಬೇಡ, ಬಸ್ಸಿನಲ್ಲೋ ಬೈಕಿನಲ್ಲೋ ಹೋಗಿ. ಫೋನಿನಲ್ಲಿ ಮಾತಾಡಿ ಮುಗಿಸಬೇಡಿ. ರಾಜಿ ಅರ್ಜಿಯನ್ನು ಆಕೆಗೆ ಅರ್ಥವಾಗುವ ಮಾತಿನಲ್ಲಿ ಸಾಲು ಸಾಲಾಗಿ ಓದಿ ಹೇಳಿ. ನಿಮ್ಮ ಪಾಲಿಗೆ ಎಷ್ಟು ಗುಂಟೆ ಬರಬಹುದು, ಎರಡು ಲಕ್ಷ ತೆಗೆದುಕೊಂಡರೆ ಏನು ಹೋಗುತ್ತದೆ, ಆಮೇಲೆ ಮನಸ್ಸು ಬದಲಾದರೆ ದಾರಿ ಎಷ್ಟು ಕಷ್ಟ, ಎಲ್ಲ ಬಿಡಿಸಿ ಹೇಳಿ. ನಿಮಗೇನು ಬೇಕು ಅಂತ ಕೇಳಿ, ಕಾಯಿರಿ. ತವರಿನ ಬಾಗಿಲು ಮುಚ್ಚಬಾರದು ಅಂತ ಆಕೆ ದುಡ್ಡಿಗೇ ಒಪ್ಪಬಹುದು. ತಿಳಿದು ಒಪ್ಪಿದರೆ ಅದು ಆಕೆಯ ತೀರ್ಮಾನ, ಆಗ ರಾಜಿಗೆ ಸಹಿ ಹಾಕಿ. ಬೇಡ ಅಂದರೆ ಕೇಸು ನಡೆಸಿ. ಅಪ್ಪನ ಎದುರು ನಿಂತು ನಡೆಸುವ ಧೈರ್ಯ ಇಲ್ಲದಿದ್ದರೆ ಅದನ್ನೂ ಆಕೆಗೇ ಮೊದಲು ಹೇಳಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಖುದ್ದಾಗಿ ಕರೆದುಕೊಂಡು ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಬೇರೆ ವಕೀಲರು ಬರುವವರೆಗೆ ಆಕೆಯ ಫೈಲು ಬಿಡಬೇಡಿ.

ಸಂಜೆ ಮನೆಗೆ ಬಂದಾಗ ಅಪ್ಪ ಕೇಳಿಯೇ ಕೇಳುತ್ತಾರೆ, ಆಯಮ್ಮ ಏನಂದಳು ಅಂತ. ಕಕ್ಷಿದಾರರು ವಕೀಲರಿಗೆ ಹೇಳಿದ್ದು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು, ಹೊಸ ಸಾಕ್ಷ್ಯ ಅಧಿನಿಯಮದ 132ನೇ ಕಲಮೂ ಅದನ್ನೇ ಹೇಳುತ್ತದೆ. "ಅದು ನನ್ನ ಪಾರ್ಟಿ ಮಾತು, ಹೇಳೋಕೆ ಬರಲ್ಲ ಅಪ್ಪಾಜಿ" ಅನ್ನಿ. ಊಟಕ್ಕೆ ಕೂತಾಗ ಬೇಡ, ಜಗಲಿಯಲ್ಲಿ ನಾಲ್ಕು ಜನರ ಮುಂದೆಯೂ ಬೇಡ. ಇಬ್ಬರೇ ಇದ್ದಾಗ ಹೇಳಿ. ಬೈದರೆ ಬೈಸಿಕೊಳ್ಳಿ. ಬೆಂಗಳೂರಿನ ವಿಷಯ ಅದಾದ ಮೇಲೆ ಎತ್ತಿ.